ಒಂದೇ ದಡಕ್ಕೆ ಮೂರು ಸಲ: ತೀರ್ಥಹಳ್ಳಿಯಲ್ಲಿ ಒಂದು ದಿನ

ಪ್ರಶ್ನೆ: ಕೆಲಸದ ಮೇಲೆ ಶಿವಮೊಗ್ಗಕ್ಕೆ ವರ್ಗವಾಗಿ ಬಂದು ಒಂದು ವರ್ಷವಾಯಿತು. ಮನೆಯಲ್ಲಿ ನಾನು, ಹೆಂಡತಿ, ಹತ್ತು ವರ್ಷದ ಮಗಳು, ಎಪ್ಪತ್ತು ದಾಟಿದ ಅಮ್ಮ. ಕಳೆದ ಬೇಸಿಗೆಯಲ್ಲಿ ಒಂದೇ ದಿನದಲ್ಲಿ ಸಕ್ರೆಬೈಲು, ಕುಪ್ಪಳಿ, ಶೃಂಗೇರಿ, ಆಗುಂಬೆ ಎಲ್ಲವನ್ನೂ ನೋಡುತ್ತೇವೆಂದು ಹೊರಟು ರಾತ್ರಿ ಹನ್ನೊಂದಕ್ಕೆ ಮನೆ ಸೇರಿದೆವು. ಅಮ್ಮನ ಮಂಡಿನೋವು ಒಂದು ವಾರ ಇಳಿಯಲಿಲ್ಲ. ಈ ಡಿಸೆಂಬರಿನ ಒಂದು ಭಾನುವಾರ ಹೊಳೆ ದಡದ ಯಾವುದಾದರೂ ಚಿಕ್ಕ ಊರಿಗೆ ಹೋಗಿ ನೆಮ್ಮದಿಯಾಗಿ ಇದ್ದು ಬರಬೇಕೆಂಬ ಆಸೆಯಿದೆ. ಯಾವ ಊರು ಒಳ್ಳೆಯದು? ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು? ಮಗಳಿಗೆ ನೀರಿಗಿಳಿಯುವ ಆಸೆ, ನಮಗೆ ಅದರದೇ ಭಯ.

ಉತ್ತರ: ತೀರ್ಥಹಳ್ಳಿಗೆ ಹೋಗಿ. ಶಿವಮೊಗ್ಗದಿಂದ ಅರವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು; ನಡುವೆ ಎಲ್ಲಿಯೂ ಇಳಿಯದಿದ್ದರೆ ಒಂದೂವರೆ ಗಂಟೆಯ ದಾರಿ. ತುಂಗೆ ಊರಿಗೆ ತಾಗಿಕೊಂಡೇ ಹರಿಯುತ್ತಾಳೆ. ಪೇಟೆ, ದೇವಸ್ಥಾನ, ಊಟದ ಹೋಟೆಲು, ಹೊಳೆ ಎಲ್ಲವೂ ಒಂದಕ್ಕೊಂದು ಹತ್ತಿರ. ಕಾರು ಒಂದು ಕಡೆ ನಿಲ್ಲಿಸಿದರೆ ಇಡೀ ದಿನ ಮತ್ತೆ ಅದರ ಬಾಗಿಲು ತೆಗೆಯದೆ ಕಳೆಯಬಹುದಾದ ಊರು ಇದು. ಅಮ್ಮನಿಗೆ ಬೇಕಾದದ್ದೂ ಇದೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿ ಬೆಳೆದದ್ದು ಈ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ. ಹೊರಗಿನಿಂದ ಬಂದವರಿಗೆ ಇಪ್ಪತ್ತು ವರ್ಷಗಳಿಂದ ಮಲೆನಾಡು ತೋರಿಸುತ್ತಾ ಬಂದಿದ್ದೇನೆ. ಇಷ್ಟು ವರ್ಷಗಳಲ್ಲಿ ಸಂತೋಷವಾಗಿ ಮರಳಿದವರು ಹೆಚ್ಚು ಜಾಗ ನೋಡಿದವರಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದವರು. ಹಾಗಾಗಿ ನನ್ನ ಸಲಹೆ ಇಷ್ಟೇ: ತುಂಗೆಯ ದಡದಲ್ಲಿ ಒಂದು ಬಂಡೆಯನ್ನೋ ಒಂದು ಮೆಟ್ಟಿಲನ್ನೋ ಗೊತ್ತುಮಾಡಿಕೊಂಡು, ಅಲ್ಲಿಗೇ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಹೋಗಿ ಕುಳಿತುಕೊಳ್ಳಿ. ಮೂರು ಸಲವೂ ಬೇರೆಯದೇ ಹೊಳೆ ಕಾಣುತ್ತದೆ. ಉಳಿದದ್ದನ್ನೆಲ್ಲ ಈ ಮೂರು ಹೊತ್ತಿನ ನಡುವೆ ಹೊಂದಿಸಿಕೊಂಡರಾಯಿತು.

ಬೇರೆ ಊರುಗಳನ್ನು ಏಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಶೃಂಗೇರಿ ಇದೇ ತುಂಗೆಯ ದಡದ ಊರು, ಹೋಗಲೇಬೇಕಾದ ಜಾಗ. ಆದರೆ ಶಿವಮೊಗ್ಗದಿಂದ ನೂರು ಕಿಲೋಮೀಟರಿನ ಹತ್ತಿರ, ಅದೂ ತಿರುವಿನ ದಾರಿ. ಹೋಗಿ ಬರುವುದರಲ್ಲೇ ಐದಾರು ಗಂಟೆ ಕಾರಿನಲ್ಲಿ ಕಳೆದುಹೋಗುತ್ತದೆ. ಅಲ್ಲಿ ಒಂದು ರಾತ್ರಿ ಉಳಿಯುವಂತಿದ್ದರೆ ಮಾತ್ರ ಹೋಗಿ. ತುಂಗೆ ಮತ್ತು ಭದ್ರೆ ಕೂಡುವ ಕೂಡಲಿ ನಿಮ್ಮ ಮನೆಯಿಂದ ಹದಿನೈದು ಹದಿನಾರು ಕಿಲೋಮೀಟರ್ ಅಷ್ಟೆ; ಹಳೆಯ ದೇವಾಲಯಗಳಿವೆ, ಸಂಗಮವಿದೆ. ಆದರೆ ಅದು ಬಯಲು. ಹತ್ತು ಗಂಟೆಯ ಮೇಲೆ ನೆರಳು ಹುಡುಕಬೇಕಾಗುತ್ತದೆ. ಅದನ್ನು ಒಂದು ಬೆಳಗಿನ ಮಟ್ಟಿಗೆ ಇಟ್ಟುಕೊಳ್ಳಿ.

ಇನ್ನು ದಾರಿಯ ವಿಚಾರ. ಬೆಳಿಗ್ಗೆ ಏಳು ಗಂಟೆಗೆ ಶಿವಮೊಗ್ಗ ಬಿಡಿ. ಡಿಸೆಂಬರಿನಲ್ಲಿ ಆ ಹೊತ್ತಿಗೆ ದಾರಿಯಲ್ಲಿ ಮಂಜು ಇರುತ್ತದೆ, ಗಾಜನೂರು ದಾಟಿದ ಮೇಲೆ ಕಾಡಿನ ನೆರಳಿನಲ್ಲಿ ಇನ್ನೂ ದಟ್ಟ. ದೀಪ ಹಾಕಿಕೊಂಡು ನಿಧಾನವಾಗಿ ಹೋಗಿ. ಮಗಳಿಗೆ ತಿರುವಿನಲ್ಲಿ ಹೊಟ್ಟೆ ತೊಳಸುವ ಸ್ವಭಾವವಿದ್ದರೆ ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ಒಂದು ಬಾಳೆಹಣ್ಣು ಸಾಕು. ತಿಂಡಿ ತೀರ್ಥಹಳ್ಳಿಯಲ್ಲಿಯೇ ಆಗಲಿ. ಹದಿನಾಲ್ಕು ಕಿಲೋಮೀಟರಿಗೆ ಸಕ್ರೆಬೈಲಿನ ಆನೆ ಬಿಡಾರ ಸಿಗುತ್ತದೆ. ಅಲ್ಲಿ ನಿಲ್ಲಬೇಡಿ ಎಂದು ಹೇಳಲು ನನಗೂ ಕಷ್ಟವೇ, ಮಗುವಿಗೆ ಆನೆ ಸ್ನಾನದಷ್ಟು ಚಂದದ ನೋಟ ಇನ್ನೊಂದಿಲ್ಲ. ಆದರೆ ಆನೆಗಳು ಹಿನ್ನೀರಿಗೆ ಇಳಿಯುವ ಹೊತ್ತು ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರ ತನಕ. ತೀರ್ಥಹಳ್ಳಿಯ ಹೊಳೆ ಕಣ್ಣು ತುಂಬುವ ಹೊತ್ತೂ ಅದೇ. ಎರಡನ್ನೂ ಹಿಡಿಯಲು ಹೋದರೆ ಕಳೆದ ಬೇಸಿಗೆಯ ಓಟವೇ ಮತ್ತೆ ಶುರುವಾಗುತ್ತದೆ. ಬಿಡಾರ ಮನೆಯಿಂದ ಅರ್ಧ ಗಂಟೆಯ ದೂರದಲ್ಲಿದೆ. ಇನ್ನೊಂದು ಭಾನುವಾರ ಅದಕ್ಕೆಂದೇ ಹೋಗಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು.

ಅರ್ಧ ದಾರಿಯಲ್ಲಿ ಮಂಡಗದ್ದೆ. ಹೊಳೆಯ ನಡುವಿನ ಚಿಕ್ಕ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವ ಜಾಗ. ಅವು ಬರುವುದು ಮಳೆಗಾಲದಲ್ಲಿ. ಮರಿಗಳು ರೆಕ್ಕೆ ಬಲಿತು ಹಾರಿ ಹೋದ ಮೇಲೆ ಡಿಸೆಂಬರಿನಲ್ಲಿ ಖಾಲಿ ಮರಗಳೇ ಹೆಚ್ಚು. ಫಲಕ ನೋಡಿ ಇಳಿದು ಬೇಸರಪಟ್ಟುಕೊಂಡವರನ್ನು ಕಂಡಿದ್ದೇನೆ. ಮುಂದಿನ ಆಗಸ್ಟ್‌ನಲ್ಲಿ ಬನ್ನಿ, ಮರವೇ ಬಿಳಿಯ ಹೂ ಬಿಟ್ಟಂತೆ ಕಾಣುತ್ತದೆ.

ದಾರಿಯುದ್ದಕ್ಕೂ ಬಲಕ್ಕೋ ಎಡಕ್ಕೋ ನೀರು ಕಾಣುತ್ತಿರುತ್ತದೆ. ಮಗಳಿಗೆ ಅದನ್ನು ಗಮನಿಸಲು ಹೇಳಿ. ಗಾಜನೂರಿನಲ್ಲಿ ಅಣೆಕಟ್ಟಿರುವುದರಿಂದ ಅದರ ಹಿಂದಿನ ತುಂಗೆ ನಿಂತ ನೀರು. ಅಗಲ, ಮೌನ, ಅಲೆಯೂ ಇಲ್ಲ. ಮೇಲೆ ಹೋದಂತೆ ದಡಗಳು ಹತ್ತಿರವಾಗುತ್ತವೆ, ಬಂಡೆ ತಲೆ ಎತ್ತುತ್ತದೆ, ನೀರಿಗೆ ಸದ್ದು ಬರುತ್ತದೆ. ತೀರ್ಥಹಳ್ಳಿಯಿಂದ ಮೇಲೆ ಹೊಳೆಯನ್ನು ತಡೆದು ನಿಲ್ಲಿಸುವ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಪಶ್ಚಿಮ ಘಟ್ಟದ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ ದಾಟಿ ಬರುವ ತುಂಗೆಯನ್ನು ಈ ಊರಿನಲ್ಲಿ ಇನ್ನೂ ಮಳೆಯೇ ಆಳುತ್ತದೆ. ಜುಲೈ ತಿಂಗಳಿನಲ್ಲಿ ಬಂದಿದ್ದರೆ ಕೆಂಪು ನೀರು ಬಂಡೆ, ಮಂಟಪ, ಮೆಟ್ಟಿಲು ಎಲ್ಲವನ್ನೂ ನುಂಗಿಕೊಂಡು ಹೋಗುವುದನ್ನು ನೋಡುತ್ತಿದ್ದಿರಿ. ದೀಪಾವಳಿ ಕಳೆದ ಮೇಲೆ ಅದೇ ಹೊಳೆ ತಿಳಿಯಾಗುತ್ತದೆ. ಡಿಸೆಂಬರಿನಲ್ಲಿ ನೀರು ತೀರಾ ಕಡಿಮೆಯಾಗಿರುವುದಿಲ್ಲ, ಆದರೆ ಸಿಟ್ಟು ಇಳಿದಿರುತ್ತದೆ. ನೀವು ಆರಿಸಿಕೊಂಡ ತಿಂಗಳು ಬಹಳ ಒಳ್ಳೆಯದು.

ಊರು ಮುಟ್ಟಿದ ಕೂಡಲೇ ತಿಂಡಿ ಮುಗಿಸಿಕೊಳ್ಳಿ. ನೀರುದೋಸೆ ಎಲ್ಲಿ ಬಿಸಿಯಾಗಿ ಹೊಯ್ಯುತ್ತಿದ್ದಾರೆ ಎಂದು ಬಸ್ ನಿಲ್ದಾಣದ ಹತ್ತಿರ ಯಾರನ್ನು ಕೇಳಿದರೂ ಹೇಳುತ್ತಾರೆ. ಅಕ್ಕಿರೊಟ್ಟಿ ಸಿಕ್ಕಿದರೆ ಅಮ್ಮನಿಗೆ ಅದನ್ನೇ ಕೊಡಿಸಿ. ಆಮೇಲೆ ಇನ್ನೊಂದು ಕೆಲಸ ಮಾಡಿ. ಇದನ್ನು ಯಾರೂ ಪ್ರವಾಸದ ಮಾತಿನಲ್ಲಿ ಸೇರಿಸುವುದಿಲ್ಲ, ಆದರೆ ವಯಸ್ಸಾದವರು ಜೊತೆಗಿದ್ದರೆ ನಾನು ಮೊದಲು ಮಾಡಿಸುವುದೇ ಇದನ್ನು: ಪೇಟೆಯ ಒಂದು ಸಾಧಾರಣ ವಸತಿಗೃಹದಲ್ಲಿ ದಿನದ ಮಟ್ಟಿಗೆ ಒಂದು ಕೋಣೆ ಹಿಡಿಯಿರಿ. ನೆಲಮಹಡಿಯದೇ ಬೇಕು ಎಂದು ಮೊದಲೇ ಕೇಳಿ. ಹೊಳೆ ದಡದಲ್ಲಿ ಹೆಂಗಸರಿಗೆ, ಅದರಲ್ಲೂ ವಯಸ್ಸಾದವರಿಗೆ, ಶೌಚಕ್ಕೆ ಅನುಕೂಲವಿರುವುದಿಲ್ಲ. ಎಷ್ಟೋ ಅಮ್ಮಂದಿರು ಆ ಭಯದಿಂದಲೇ ಬೆಳಗಿನಿಂದ ನೀರು ಕುಡಿಯದೆ ಬಾಯಿ ಒಣಗಿಸಿಕೊಂಡು ಕುಳಿತಿರುತ್ತಾರೆ, ಯಾರಿಗೂ ಹೇಳುವುದಿಲ್ಲ. ಒಂದು ಕೋಣೆ, ಒಂದು ಮಂಚ, ಒಂದು ಬಚ್ಚಲು ಇದ್ದರೆ ಅವರ ಇಡೀ ದಿನದ ಬಣ್ಣವೇ ಬದಲಾಗುತ್ತದೆ. ಆ ಖರ್ಚನ್ನು ಪೆಟ್ರೋಲಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಈಗ ಹೊಳೆ. ರಾಮೇಶ್ವರ ದೇವಸ್ಥಾನದ ಕಡೆಗೆ ಹೋಗಿ, ದರ್ಶನ ಮಾಡಿಕೊಂಡು ದಡಕ್ಕೆ ಇಳಿಯಿರಿ. ಊರಿನ ಹೆಸರಿಗೆ ಕಾರಣವಾದ ತೀರ್ಥ ಇಲ್ಲಿಯದೇ. ತಂದೆಯ ಮಾತಿನಂತೆ ತಾಯಿಯನ್ನು ಕಡಿದ ಪರಶುರಾಮ, ಕೊಡಲಿಗೆ ಅಂಟಿದ ರಕ್ತವನ್ನು ತೊಳೆಯಲು ಹೊಳೆಯಿಂದ ಹೊಳೆಗೆ ಅಲೆದನಂತೆ. ಕೊನೆಗೆ ಎಳ್ಳು ಕಾಳಿನಷ್ಟು ಕಲೆ ಉಳಿದುಕೊಂಡಿತ್ತು, ಅದು ಹೋದದ್ದು ಇಲ್ಲಿ ಎಂಬುದು ಸ್ಥಳಪುರಾಣ. ಎಳ್ಳಮಾವಾಸ್ಯೆಯ ಜಾತ್ರೆಗೆ ಇಷ್ಟು ಜನ ಸೇರುವುದು ಈ ನಂಬಿಕೆಯಿಂದ. ಮಗಳಿಗೆ ಈ ಕಥೆಯನ್ನು ಅಮ್ಮನೇ ಹೇಳಲಿ. ಮಗು ಖಂಡಿತ ಕಷ್ಟದ ಪ್ರಶ್ನೆ ಕೇಳುತ್ತದೆ, ಅಜ್ಜಿ ಯೋಚನೆ ಮಾಡಿ ಉತ್ತರ ಕೊಡುತ್ತಾರೆ. ಆ ಮಾತುಕತೆಗೆ ಹೊಳೆ ದಡಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಬೆಳಗಿನ ತುಂಗೆಯ ಮೇಲೆ ಹಬೆಯಂತೆ ಮಂಜು ಏಳುತ್ತಿರುತ್ತದೆ. ಎದುರು ದಡ, ಅಂದರೆ ಕುರುವಳ್ಳಿಯ ಕಡೆ, ಅರ್ಧ ಮಾತ್ರ ಕಾಣುತ್ತದೆ. ನೀರು ಕಾಣುವ ಮೊದಲೇ ಬಂಡೆಗಳ ನಡುವೆ ನುಸುಳುವ ಅದರ ಸದ್ದು ಕೇಳುತ್ತದೆ. ಬಟ್ಟೆ ಒಗೆಯುವವರು, ಸ್ನಾನಕ್ಕೆ ಬಂದವರು, ಸೂರ್ಯನಿಗೆ ಅರ್ಘ್ಯ ಕೊಡುವವರು ಎಲ್ಲರೂ ತಮ್ಮ ಪಾಡಿಗೆ ಇರುತ್ತಾರೆ. ಅರ್ಧ ಗಂಟೆ ಸುಮ್ಮನೆ ಕುಳಿತರೆ ಮಂಜು ಹರಿದು, ನಡುಹೊಳೆಯ ಕಲ್ಲಿನ ಮಂಟಪ ನಿಧಾನವಾಗಿ ತೋರುತ್ತದೆ. ಮೊಬೈಲನ್ನು ಕೋಣೆಯಲ್ಲಿ ಬಿಟ್ಟು ಬಂದಿದ್ದರೆ ಇನ್ನೂ ಒಳ್ಳೆಯದು.

ಹತ್ತು ಗಂಟೆಯ ಹೊತ್ತಿಗೆ ಏಳಿ. ಅಮ್ಮ ಕೋಣೆಯಲ್ಲಿ ಕಾಲು ಚಾಚಲಿ, ಅಥವಾ ದೇವಸ್ಥಾನದಲ್ಲಿಯೇ ಕುಳಿತಿರಲಿ. ನೀವು ಮಗಳನ್ನು ಕರೆದುಕೊಂಡು ಕಮಾನು ಸೇತುವೆಯನ್ನು ದಡದಿಂದ ನೋಡಿ ಬನ್ನಿ. ಹೊಳೆಗೆ ಅಡ್ಡಲಾಗಿ ಬಾಗಿ ನಿಂತ ಆ ಕಮಾನು ಈ ಊರಿನ ಗುರುತು. ಹೊರಗೆ ಓದಲು, ದುಡಿಯಲು ಹೋದವರು ಬಸ್ಸಿನಲ್ಲಿ ಮರಳುವಾಗ ಅದು ಕಂಡರೆ ಮನೆ ಬಂತು ಎಂದು ಚೀಲ ಕೈಗೆತ್ತಿಕೊಳ್ಳುತ್ತಾರೆ. ಸೇತುವೆಯ ಮೇಲೆ ಮಗುವನ್ನು ನಿಲ್ಲಿಸಿ ಫೋಟೊ ತೆಗೆಯುವುದು ಬೇಡ, ವಾಹನ ಬಿಡುವಿಲ್ಲದೆ ಓಡುತ್ತವೆ. ನೋಟವೂ ಕೆಳಗಿನಿಂದಲೇ ಚೆನ್ನ.

ಡಿಸೆಂಬರ್ ಎಂದರೆ ಅಡಿಕೆ ಕೊಯ್ಲಿನ ಕಾಲ. ಇದನ್ನು ತಪ್ಪಿಸಿಕೊಳ್ಳಬೇಡಿ. ಪೇಟೆಯಿಂದ ಯಾವ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ಹೋದರೂ ತೋಟದ ಮನೆಗಳು ಸಿಗುತ್ತವೆ, ಮೂಗಿಗೆ ಬರುವ ವಾಸನೆಯಿಂದಲೇ ದಾರಿ ಗೊತ್ತಾಗುತ್ತದೆ. ಅಂಗಳದ ಮೂಲೆಯಲ್ಲಿ ದೊಡ್ಡ ಹಂಡೆ, ಕೆಳಗೆ ನಿಗಿನಿಗಿ ಕೆಂಡ, ಹಂಡೆಯಲ್ಲಿ ಕುದಿಯುವ ಅಡಿಕೆ. ಬೇಯಿಸಿದ ನೀರು ದಿನದಿಂದ ದಿನಕ್ಕೆ ಗಟ್ಟಿಯಾಗಿ ಕಡುಗೆಂಪು ಚೊಗರಾಗುತ್ತದೆ. ಅಡಿಕೆಗೆ ಹೊಳಪು, ಬಣ್ಣ ಬರುವುದು ಅದರಿಂದ. ಒಗರು ಮತ್ತು ಹೊಗೆ ಬೆರೆತ ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ನನಗಂತೂ ಅದು ಬಾಲ್ಯದ ವಾಸನೆ. ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು ಒಂದೊಂದು ಕಾಯನ್ನೂ ಒಂದೇ ಅಲುಗಿಗೆ ಸಿಪ್ಪೆ ಬಿಡಿಸಿ ಎಸೆಯುತ್ತಾರೆ. ಕೈ ಕಾಣುವುದಿಲ್ಲ, ಕಾಯಿ ಬುಟ್ಟಿಗೆ ಬೀಳುವ ಸದ್ದು ಮಾತ್ರ. ಈಗ ಸುಲಿಯುವ ಯಂತ್ರಗಳೂ ಬಂದಿವೆ, ಆದರೂ ಮೆಟ್ಟುಗತ್ತಿ ಹೋಗಿಲ್ಲ. ಬಲಿತಷ್ಟಕ್ಕೆ ತಕ್ಕಂತೆ, ಸಂಸ್ಕರಿಸಿದ ರೀತಿಗೆ ತಕ್ಕಂತೆ ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಅಡಿಕೆಗೆ ಹೆಸರು. ಒಂದೊಂದಕ್ಕೂ ಬೇರೆ ಧಾರಣೆ.

ಬೇಲಿಯ ಹೊರಗೆ ನಿಂತು ಫೋಟೊ ತೆಗೆದು ಹೊರಟುಬಿಡಬೇಡಿ. ಉಣುಗೋಲಿನ, ಅಂದರೆ ಬೇಲಿಯ ಬಾಗಿಲಿನ, ಹತ್ತಿರ ನಿಂತು ‘ಅಮ್ಮಾ, ಮಗುವಿಗೆ ಅಡಿಕೆ ಬೇಯಿಸುವುದನ್ನು ತೋರಿಸಬಹುದೇ?’ ಎಂದು ಕೇಳಿ. ಕೆಲಸದ ಅವಸರ ಇಲ್ಲದಿದ್ದರೆ ಒಳಗೆ ಕರೆಯುತ್ತಾರೆ, ಬಹುಶಃ ಒಂದು ಲೋಟ ಕಷಾಯವನ್ನೂ ಕೊಡುತ್ತಾರೆ. ಅವಸರ ಕಂಡರೆ ಹಾಗೇ ಮರಳಿ. ಒಂದು ವಿನಂತಿ: ‘ಎಷ್ಟು ಎಕರೆ, ಎಷ್ಟು ಕ್ವಿಂಟಾಲ್, ಎಷ್ಟು ದುಡ್ಡು’ ಎಂಬ ಲೆಕ್ಕ ಕೇಳಬೇಡಿ. ಎಲೆಚುಕ್ಕಿ ರೋಗ ಈ ಭಾಗದ ಎಷ್ಟೋ ತೋಟಗಳನ್ನು ಸೊರಗಿಸಿದೆ. ಹೊರಗಿನಿಂದ ಬಂದವರಿಗೆ ಹಸಿರಾಗಿ ಕಾಣುವ ತೋಟದೊಳಗೆ ಮನೆಯವರಿಗೆ ಮಾತ್ರ ಗೊತ್ತಿರುವ ಚಿಂತೆ ಇರುತ್ತದೆ.

ಊಟವನ್ನು ಹನ್ನೆರಡೂವರೆಗೇ ಮುಗಿಸಿ. ಭಾನುವಾರ ಒಂದು ಗಂಟೆಯ ಮೇಲೆ ಹೋಟೆಲುಗಳಲ್ಲಿ ನೂಕುನುಗ್ಗಲು. ಬುತ್ತಿ ಕಟ್ಟಿಕೊಂಡು ಬಂದು ದಡದಲ್ಲಿ ಉಣ್ಣುವುದು ಚಂದವೇ, ಆದರೆ ಕೋತಿಗಳು ಬಿಡುವುದಿಲ್ಲ, ಉಳಿದದ್ದನ್ನು ಹೊಳೆಗೆ ಎಸೆಯುವ ಮನಸ್ಸೂ ಆಗಿಬಿಡುತ್ತದೆ. ಎಲೆಯ ಮೇಲೆ ಬಿಸಿ ಅನ್ನ, ಸಾರು, ಒಂದು ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಸಿಕ್ಕಿದರೆ ಅದಕ್ಕಿಂತ ಮಿಗಿಲಾದದ್ದು ಬೇಡ. ಉಪ್ಪಿನಕಾಯಿ ಮೆಚ್ಚಿಗೆಯಾದರೆ ಪೇಟೆಯಲ್ಲಿ ಒಂದು ಭರಣಿ ಕೊಂಡುಕೊಳ್ಳಿ, ಜೊತೆಗೆ ಜೇನಿನಂತೆ ಹರಿಯುವ ಜೋನಿಬೆಲ್ಲವನ್ನೂ.

ಊಟವಾದ ಮೇಲೆ ಎರಡನೆಯ ಸಲ ಹೊಳೆಗೆ ಹೋಗಿ. ಬಿಸಿಲು ನೆತ್ತಿಗೆ ಬಂದಾಗ ತುಂಗೆ ಗಾಜಿನಂತಾಗುತ್ತದೆ. ನೆರಳಿನ ಒಂದು ಬಂಡೆಯ ಅಂಚಿನಲ್ಲಿ ಕುಳಿತು ಕೆಳಗೆ ನೋಡಿದರೆ ತಳದ ಉರುಟು ಕಲ್ಲುಗಳು ಎಣಿಸುವಷ್ಟು ಸ್ಪಷ್ಟ. ಬಂಡೆಯ ಸಂದಿಯಲ್ಲಿ ಬೆರಳುದ್ದದ ಮೀನುಗಳು ಹರಿವಿಗೆ ಎದುರಾಗಿ ಮುಖ ಮಾಡಿ, ಮುಂದಕ್ಕೂ ಹೋಗದೆ ಹಿಂದಕ್ಕೂ ಸರಿಯದೆ ಬಾಲ ಅಲ್ಲಾಡಿಸುತ್ತಾ ನಿಂತಿರುತ್ತವೆ. ಪಾದ ಇಳಿಬಿಟ್ಟರೆ ಮೊದಲು ಚದುರುತ್ತವೆ, ನಿಮಿಷ ಕಳೆಯುವಷ್ಟರಲ್ಲಿ ಮರಳಿ ಬಂದು ಹಿಮ್ಮಡಿ ಮುಕ್ಕತೊಡಗುತ್ತವೆ. ಆಗ ಮಗಳ ಮುಖವನ್ನು ನೋಡಬೇಕು.

ನೀವು ಕೇಳಿದ ಭಯದ ವಿಚಾರಕ್ಕೆ ಈಗ ಬರುತ್ತೇನೆ. ನಿಮ್ಮ ಭಯ ಸರಿಯಾದದ್ದು, ಅದನ್ನು ಯಾರು ಹೀಯಾಳಿಸಿದರೂ ಬಿಡಬೇಡಿ. ತುಂಗೆ ಮೇಲೆ ನೋಡಲು ಶಾಂತ, ಒಳಗೆ ಹಾಗಲ್ಲ. ಮೊಳಕಾಲು ನೀರಿನ ಪಕ್ಕದಲ್ಲೇ ಆಳು ಮುಳುಗುವ ಮಡು ಇರುತ್ತದೆ. ಮರಳು ತೆಗೆದ ಕಡೆ ಗುಂಡಿ ಬಿದ್ದಿರುತ್ತದೆ. ಬಂಡೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪಾಚಿ ಇರುತ್ತದೆ. ಬಂಡೆಗಳ ನಡುವೆ ನೀರು ಇಕ್ಕಟ್ಟಾಗಿ ನುಗ್ಗುವಲ್ಲಿ ಸುಳಿ. ಕೆಲವು ವರ್ಷಗಳ ಹಿಂದೆ ನಾನು ಕರೆತಂದಿದ್ದ ತಂಡದ ಹುಡುಗನೊಬ್ಬ, ಈಜು ಕಲಿತವನೇ, ನನ್ನ ಕಣ್ಣೆದುರಿಗೇ ಎರಡು ಹೆಜ್ಜೆ ಮುಂದಿಟ್ಟ. ಮೊದಲ ಹೆಜ್ಜೆಗೆ ನೀರು ಮಂಡಿಗೆ ಬಂತು, ಎರಡನೆಯದಕ್ಕೆ ತಲೆಯೇ ಕಾಣಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಹಿಂಡುತ್ತಿದ್ದ ಸೀರೆಯ ಒಂದು ತುದಿಯನ್ನು ಕೈಗೆ ಸುತ್ತಿಕೊಂಡು ಇನ್ನೊಂದನ್ನು ಎಸೆದರು. ಅವನು ಹಿಡಿದ, ನಾವು ಎಳೆದೆವು. ಆ ತಾಯಿ ಏನೂ ಆಗಿಲ್ಲವೆಂಬಂತೆ ಅದೇ ಸೀರೆಯನ್ನು ಮತ್ತೆ ಜಾಲಿಸಿದರು. ಆ ಎರಡು ಹೆಜ್ಜೆಗಳ ಅಂತರ ನನ್ನ ಎದೆಯಲ್ಲಿ ಇವತ್ತಿಗೂ ಕುಳಿತಿದೆ.

ಹಾಗಾಗಿ ಮಗಳು ನೀರಿಗೆ ಇಳಿಯಲಿ, ಆದರೆ ಊರಿನವರು ಸ್ನಾನ ಮಾಡುವ ಮೆಟ್ಟಿಲಿನಲ್ಲಿಯೇ, ಅವಳ ಕೈ ನಿಮ್ಮ ಕೈಯಲ್ಲಿ ಇರುವಾಗ ಮಾತ್ರ, ನೀರು ಮೊಣಕಾಲು ಮುಟ್ಟುವ ತನಕ ಮಾತ್ರ. ನಡುಹೊಳೆಯ ಮಂಟಪಕ್ಕೆ ಬಂಡೆಯಿಂದ ಬಂಡೆಗೆ ಹಾರಿಕೊಂಡು ಹೋಗುವ ಹುಡುಗರನ್ನು ನೋಡಿ ನೀವೂ ಹೊರಡಬೇಡಿ. ಹೊಸ ಜಾಗದಲ್ಲಿ ಇಳಿಯುವ ಮುಂಚೆ ಅಲ್ಲಿಯವರನ್ನು ಕೇಳಿ. ‘ಅಲ್ಲಿ ಬೇಡ’ ಎಂದು ಅವರು ಹೇಳಿದರೆ ಕಾರಣ ಕೇಳುವ ಅಗತ್ಯವಿಲ್ಲ.

ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತನ್ನು ಅಮ್ಮ ಖಂಡಿತ ನೆನಪಿಸುತ್ತಾರೆ, ಬೊಗಸೆಯಲ್ಲಿ ನೀರೆತ್ತಿ ಕುಡಿಯಲೂ ಹೊರಡುತ್ತಾರೆ. ತಲೆಗೆ ಪ್ರೋಕ್ಷಿಸಿಕೊಳ್ಳಲಿ ಸಾಕು. ದಡದ ಊರುಗಳ ಬಚ್ಚಲು ನೀರು ಹೊಳೆ ಸೇರುತ್ತಿರುವ ಈ ಕಾಲದಲ್ಲಿ ಕುದಿಸದೆ ಕುಡಿಯುವುದು ಸರಿಯಲ್ಲ. ಹೀಗೆ ಬರೆಯುವಾಗ ನನಗೆ ನೋವಾಗುತ್ತದೆ, ನನ್ನ ಅಜ್ಜಿ ಈ ನೀರನ್ನೇ ಕೊಡದಲ್ಲಿ ತಂದು ಹಾಗೆಯೇ ಕುಡಿದವರು. ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ಹೊಳೆಯಲ್ಲಿ ಬಿಟ್ಟು ಹೋಗುವ ರೂಢಿಯೊಂದು ಹಬ್ಬಿದೆ. ಅದನ್ನು ಯಾರು ಹೇಳಿದರೂ ಮಾಡಬೇಡಿ. ಸೋಪು, ಶಾಂಪೂ ಕೋಣೆಯಲ್ಲಿಯೇ ಇರಲಿ.

ಕಾಡಿನ ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಉಣ್ಣೆ ಎಂಬ ರಕ್ತ ಹೀರುವ ಚಿಕ್ಕ ಹುಳ ಕಚ್ಚುವುದರಿಂದ ಬರುವ ಜ್ವರ ಅದು. ಚಳಿಗಾಲದಿಂದ ಬೇಸಿಗೆಯ ತನಕ ಅದರ ಕಾಲ, ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಆಗಾಗ ಕಾಣಿಸಿಕೊಂಡಿದೆ. ಪೇಟೆಯಲ್ಲಿ, ಹೊಳೆಯ ಮೆಟ್ಟಿಲಿನಲ್ಲಿ ಹೆದರುವಂಥದ್ದಿಲ್ಲ. ಆದರೆ ತರಗೆಲೆ ಬಿದ್ದ ಕಾಡಿನೊಳಗೆ ಜಮಖಾನೆ ಹಾಸಿ ಮಲಗಬೇಡಿ, ಮಗಳಿಗೆ ಕಾಲು ಮುಚ್ಚುವ ಬಟ್ಟೆ ಹಾಕಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಮೈಮೇಲೆ ಉಣ್ಣೆ ಇದೆಯೇ ಎಂದು ನೋಡಿಕೊಳ್ಳಿ. ಮುಂದಿನ ಹತ್ತು ಹದಿನೈದು ದಿನಗಳಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ, ತೀರ್ಥಹಳ್ಳಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಇಂಬಳದ, ಅಂದರೆ ಜಿಗಣೆಯ, ಕಾಟ ಮಾತ್ರ ಡಿಸೆಂಬರಿನಲ್ಲಿ ಅಷ್ಟಾಗಿ ಇರುವುದಿಲ್ಲ.

ಎರಡರಿಂದ ಮೂರೂವರೆಯ ತನಕ ಕೋಣೆಯಲ್ಲಿ ಎಲ್ಲರೂ ಮಲಗಿ. ಪ್ರವಾಸದಲ್ಲಿ ನಿದ್ದೆ ಮಾಡುವುದು ಹೊತ್ತು ಹಾಳು ಎನ್ನುವವರ ಮಾತು ಕೇಳಬೇಡಿ. ಮಲಗಿ ಎದ್ದವರಿಗೆ ಸಂಜೆ ಸಿಗುತ್ತದೆ.

ಎದ್ದ ಮೇಲೆ ಎಲ್ಲರಿಗೂ ಲವಲವಿಕೆ ಇದ್ದರೆ, ಇದ್ದರೆ ಮಾತ್ರ, ಒಂದೇ ಒಂದು ಜಾಗ ಸೇರಿಸಿಕೊಳ್ಳಬಹುದು. ಎರಡು ದಾರಿ ಇವೆ. ಮಗಳ ಮನಸ್ಸು ಮೀನಿನ ಮೇಲಿದ್ದರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಚಿಬ್ಬಲಗುಡ್ಡೆಯಿದೆ. ಅಲ್ಲಿ ದಡದ ಗಣಪತಿ ದೇವಸ್ಥಾನದ ಮುಂದೆ ಹೊಳೆಯೇ ಮತ್ಸ್ಯಧಾಮ, ಮೀನು ಹಿಡಿಯುವಂತಿಲ್ಲ. ಮಧ್ಯಾಹ್ನ ಬೆರಳುದ್ದದ ಮೀನು ಕಂಡ ಮಗು ಇಲ್ಲಿ ತೋಳುದ್ದದವುಗಳನ್ನು ಕಾಣುತ್ತಾಳೆ. ಬ್ರೆಡ್ಡು, ಬಿಸ್ಕತ್ತು ಹಾಕಬೇಡಿ, ನೋಡಿ ಬನ್ನಿ.

ಇನ್ನೊಂದು ಕುಪ್ಪಳಿ, ಕೊಪ್ಪದ ದಾರಿಯಲ್ಲಿ ಹದಿನೇಳು ಹದಿನೆಂಟು ಕಿಲೋಮೀಟರ್. ಕಳೆದ ಬೇಸಿಗೆಯಲ್ಲಿ ಹೋಗಿದ್ದೀರಿ, ಆದರೆ ಆ ಓಟದಲ್ಲಿ ಕವಿಮನೆಯ ಜಗುಲಿಯಲ್ಲಿ ಕುಳಿತಿರಲಾರಿರಿ. ಕುವೆಂಪು ಬೆಳೆದ ಆ ದೊಡ್ಡ ಮನೆಯ ಅಂಗಳಕ್ಕೆ ಸಂಜೆಯ ಬೆಳಕು ಇಳಿಯುವುದನ್ನು ಅಮ್ಮ ಕುಳಿತು ನೋಡಲಿ. ಮರದ ಏಣಿಮೆಟ್ಟಿಲು ಅವರಿಗೆ ಬೇಡ. ನೀವು ಮಗಳೊಂದಿಗೆ ಕವಿಶೈಲಕ್ಕೆ ಹತ್ತಿ. ಅಲ್ಲಿ ನಿಲ್ಲಿಸಿರುವ ಬೃಹತ್ ಕಲ್ಲುಗಳ ನಡುವೆ ಕವಿಯ ಸಮಾಧಿಯಿದೆ. 1994ರ ನವೆಂಬರಿನಲ್ಲಿ ಮೈಸೂರಿನಲ್ಲಿ ತೀರಿಕೊಂಡವರನ್ನು ಬೆಳೆದ ಊರಿನ ಈ ಬಂಡೆಗೇ ತಂದರು. ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಹೆಸರಿನ ಕೆತ್ತನೆಯನ್ನು ಮಗಳಿಂದ ಹುಡುಕಿಸಿ. ಗುರುಗಳೂ ಶಿಷ್ಯನೂ ಒಂದೇ ಕಲ್ಲಿನ ಮೇಲೆ ಕುಳಿತು ಹೋದ ಗುರುತು ಅದು. ಎದುರಿಗೆ ಕಾಡು, ಕಾಡಿನಾಚೆ ಬೆಟ್ಟದ ಸಾಲು. ಕುಪ್ಪಳಿಗೆ ಹೋದರೆ ಐದು ಗಂಟೆಗೆ ಅಲ್ಲಿಂದ ಹೊರಡಲೇಬೇಕು. ಸೂರ್ಯಾಸ್ತ ಅಲ್ಲಿಯೇ ನೋಡುವ ಆಸೆಯಾಗುತ್ತದೆ, ಆದರೆ ಹೊಳೆಯ ಮೂರನೆಯ ಭೇಟಿ ಬಾಕಿಯಿದೆ. ನನ್ನನ್ನು ಕೇಳಿದರೆ, ಅಮ್ಮನ ಮಂಡಿ ನೆನೆದು, ಈ ಸಲ ಎರಡನ್ನೂ ಬಿಟ್ಟು ಊರಿನಲ್ಲಿಯೇ ಇರಿ ಎನ್ನುತ್ತೇನೆ.

ಐದೂವರೆಗೆ ಮತ್ತೆ ಅದೇ ಮೆಟ್ಟಿಲು. ಡಿಸೆಂಬರಿನಲ್ಲಿ ಆರು ಗಂಟೆ ದಾಟುವಷ್ಟರಲ್ಲಿ ಸೂರ್ಯ ಮುಳುಗುತ್ತಾನೆ. ಬಿಸಿಲು ಮೊದಲು ನೀರಿನಿಂದ ಏಳುತ್ತದೆ, ಆಮೇಲೆ ಬಂಡೆಯಿಂದ, ಕೊನೆಗೆ ಎದುರು ದಡದ ಮರದ ತುದಿಯಿಂದ. ಬೆಳ್ಳಕ್ಕಿಗಳು ಹೊಳೆಯ ಜಾಡು ಹಿಡಿದು ಸಾಲುಗಟ್ಟಿ ಮನೆಗೆ ಮರಳುತ್ತವೆ. ಬೆಳಿಗ್ಗೆ ಸ್ನಾನಕ್ಕೆ ಬಂದಿದ್ದ ಊರಿನವರೇ ಈಗ ಗಾಳಿಗೆ ಬಂದು ಕುಳಿತಿರುತ್ತಾರೆ. ನಿಮ್ಮನ್ನು ಮೂರನೆಯ ಸಲ ನೋಡಿದವರು ‘ಎಲ್ಲಿಂದ ಬಂದದ್ದು?’ ಎಂದು ಮಾತಿಗೆ ಎಳೆಯುತ್ತಾರೆ. ಒಂದೇ ಸಲ ಬಂದು ಹೋಗುವವರಿಗೆ ಆ ಪ್ರಶ್ನೆ ಸಿಗುವುದಿಲ್ಲ. ಅಮ್ಮನ ಪಕ್ಕದಲ್ಲಿ ಅವರದೇ ವಯಸ್ಸಿನ ಯಾರಾದರೂ ಕುಳಿತುಕೊಂಡರೆ ಹೊರಡಲು ಅವಸರ ಮಾಡಬೇಡಿ.

ಎಳ್ಳಮಾವಾಸ್ಯೆಯ ಜಾತ್ರೆ ಮಾರ್ಗಶಿರದ ಅಮಾವಾಸ್ಯೆಗೆ, ಅಂದರೆ ಡಿಸೆಂಬರಿನಲ್ಲೋ ಜನವರಿಯಲ್ಲೋ ಬರುತ್ತದೆ. ಹೊರಡುವ ಮುಂಚೆ ಪಂಚಾಂಗ ನೋಡಿಕೊಳ್ಳಿ. ತೀರ್ಥಸ್ನಾನ, ರಥೋತ್ಸವ, ತೆಪ್ಪೋತ್ಸವ ಎಂದು ಮೂರು ದಿನ ಊರು ತುಂಬಿ ತುಳುಕುತ್ತದೆ. ಹೊಳೆಯ ಮೇಲೆ ದೀಪಗಳ ಸಾಲು ನೋಡಲು ಎರಡು ಕಣ್ಣು ಸಾಲದು. ಆದರೆ ನೀವು ಕೇಳಿದ ನೆಮ್ಮದಿ ಆ ದಿನಗಳಲ್ಲಿ ಇರುವುದಿಲ್ಲ, ಕೋಣೆಯೂ ಸಿಗುವುದಿಲ್ಲ. ಜಾತ್ರೆಯ ವಾರ ಬಿಟ್ಟು ಹಿಂದಿನ ಅಥವಾ ಮುಂದಿನ ಭಾನುವಾರ ಗೊತ್ತುಮಾಡಿ.

ಕಾರು ಇಲ್ಲದಿದ್ದರೂ ತೊಂದರೆಯಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ, ತೀರ್ಥಹಳ್ಳಿಯ ಮೇಲೆ ಕೊಪ್ಪ, ಶೃಂಗೇರಿ, ಉಡುಪಿಗೆ ಹೋಗುವ ಸರ್ಕಾರಿ ಮತ್ತು ಖಾಸಗಿ ಬಸ್ಸುಗಳು ದಿನವಿಡೀ ಇವೆ. ನಿಲ್ದಾಣದಿಂದ ಹೊಳೆಗೆ ಅಮ್ಮನಿಗಾಗಿ ಒಂದು ಆಟೋ ಮಾಡಿದರೆ ಸಾಕು. ಕಾರಿನಲ್ಲಿ ಹೋದರೆ ಆರೂವರೆಗೆ ಹೊರಟು ಎಂಟು ಎಂಟೂಕಾಲರೊಳಗೆ ಮನೆ ಸೇರುತ್ತೀರಿ. ರಾತ್ರಿ ಮಂಡಗದ್ದೆಯ ಆಸುಪಾಸಿನ ಕಾಡಿನಲ್ಲಿ ಕಾಡುಪ್ರಾಣಿಗಳು ರಸ್ತೆ ದಾಟುತ್ತವೆ, ವೇಗ ತಗ್ಗಿಸಿ. ಅಮ್ಮನಿಗೆ ಮುಂದಿನ ಸೀಟು ಕೊಟ್ಟು, ಕಾಲು ಚಾಚುವಷ್ಟು ಹಿಂದಕ್ಕೆ ಸರಿಸಿಕೊಡಿ. ಜೋನಿಬೆಲ್ಲದ ಡಬ್ಬಿ ನೇರವಾಗಿ ನಿಂತಿದೆಯೇ ಎಂದು ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ, ತಿರುವಿನಲ್ಲಿ ಉರುಳಿದರೆ ಕಾರು ತೊಳೆಯುವುದು ಕಷ್ಟ.